ಹುಬ್ಬಳ್ಳಿಯಲ್ಲಿ ಹೊತ್ತು ಕಳೆಯುವುದೆಲ್ಲಿ?

ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದ ನೆಂಟರು ಎರಡನೇ ದಿನ ಊಟ ಮುಗಿಸಿ ತಪ್ಪದೇ ಕೇಳುವ ಪ್ರಶ್ನೆ, ‘ನಿಮ್ಮೂರಾಗ ನೋಡಾಕ ಏನೈತಿ?’ ಹುಬ್ಬಳ್ಳಿಯವರಾದ ನಾವು ತುಸು ತಡವರಿಸಿ ದಾಂಡೇಲಿ, ಬಾದಾಮಿ, ಗೋಕರ್ಣ ಅಂತ ಹೇಳಿಬಿಡುತ್ತೇವೆ. ಊರೊಳಗಿನದು ಕೇಳಿದರೆ ಊರು ಬಿಟ್ಟು ಹೋಗುವ ದಾರಿ ತೋರಿಸುವುದು! ವ್ಯಾಪಾರದ ಊರು, ರೈಲ್ವೆ ಜಂಕ್ಷನ್ನಿನ ಊರು. ಬಂದವರು ಸಂತೆ ಮುಗಿಸಿ ಮುಂದಿನ ಗಾಡಿ ಹಿಡಿಯುವುದೇ ಇಲ್ಲಿಯ ರೂಢಿ.

ಆ ಪ್ರಶ್ನೆಗೆ ನಾನು ನಿಜವಾಗಿ ಉತ್ತರ ಹುಡುಕಬೇಕಾಗಿ ಬಂದದ್ದು ಕಳೆದ ವರ್ಷ, ನಮ್ಮತ್ತೆ ನಮ್ಮಲ್ಲಿಗೆ ಬಂದ ಮೇಲೆ. ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಐವತ್ತು ವರ್ಷ ಸಂಸಾರ ಮಾಡಿದವರು. ಮಾವ ತೀರಿಕೊಂಡ ನಂತರ ಮನೆಗೆ ಕೀಲಿ ಹಾಕಿಸಿ ನಮ್ಮ ಯಜಮಾನರು ಕರೆತಂದರು. ವಿದ್ಯಾನಗರದಲ್ಲಿ ಮೂರನೇ ಮಹಡಿಯ ಮನೆ ನಮ್ಮದು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಶಾಲೆಗೆ, ಇವರು ಬ್ಯಾಂಕಿಗೆ, ಮಗಳು ತನ್ನ ಕ್ಲಾಸಿಗೆ ಹೊರಟರೆ ಸಂಜೆಯವರೆಗೆ ಅವರೊಬ್ಬರೇ. ಟೀವಿ ಹಚ್ಚಿಕೊಟ್ಟು ಹೋಗುತ್ತಿದ್ದೆ. ಬಂದು ನೋಡಿದರೆ ಟೀವಿ ತನ್ನಷ್ಟಕ್ಕೆ ಮಾತಾಡುತ್ತಿರುತ್ತಿತ್ತು, ಅತ್ತೆ ಬಾಲ್ಕನಿಯಲ್ಲಿ ಗೇಟು ನೋಡುತ್ತ ಕೂತಿರುತ್ತಿದ್ದರು. ಎರಡು ರೊಟ್ಟಿ ಉಣ್ಣುವವರು ಅರ್ಧಕ್ಕೆ ಬಂದರು. ಒಂದು ರಾತ್ರಿ ಸಣ್ಣ ದನಿಯಲ್ಲಿ, ‘ದಸರಾ ತನಾ ಇರ್ತೀನಿ ಯವ್ವಾ. ಆಮ್ಯಾಲ ಊರಿಗೆ ಬಿಟ್ಟುಬರ್ರಿ. ಇಲ್ಲಿ ನನಗ ಹೊತ್ತ ಹೋಗವಲ್ದು’ ಎಂದರು. ಬಿ.ಪಿ. ಇದೆ, ಮಂಡಿನೋವಿದೆ, ಊರಲ್ಲಿ ರಾತ್ರಿ ಒಂದು ಲೋಟ ನೀರು ಕೊಡುವವರಿಲ್ಲ. ದಸರಾಕ್ಕೆ ಇನ್ನೆರಡು ತಿಂಗಳಷ್ಟೇ ಇತ್ತು.

ಶನಿವಾರ ಮಧ್ಯಾಹ್ನಕ್ಕೇ ನನ್ನ ಶಾಲೆ ಬಿಡುತ್ತದೆ. ಪ್ರತಿ ಶನಿವಾರ ಒಂದೊಂದು ಕಡೆ ಅಂತ ಶುರು ಮಾಡಿದೆವು. ಮೊದಲನೆಯದು ಮಗಳ ಆಯ್ಕೆ, ಮಾಲ್. ತಾನೇ ಏರುವ ಮೆಟ್ಟಿಲು ನೋಡಿ ಅತ್ತೆ ಸೆರಗು ಬಿಗಿ ಹಿಡಿದು ಹಿಂದೆ ಸರಿದರು. ಕಾಫಿ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದಾಗ ಅವರು ಕೇಳಿದ್ದು, ‘ಇಲ್ಲಿ ಕುಂದರಬೇಕಂದ್ರ ಏನರ ತಗೋಬೇಕೇನು?’ ಹೌದೆಂದೆ. ‘ಹಂಗಾರ ನಡೀರಿ’ ಎಂದು ಎದ್ದರು. ಮಗಳಿಗೆ ಮುಖ ಸಣ್ಣದಾಯಿತು. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಏನೂ ಕೊಳ್ಳದೆ, ಯಾರೂ ಎಬ್ಬಿಸದೆ, ವಯಸ್ಸಾದ ಹೆಂಗಸೊಬ್ಬಳು ಎರಡು ತಾಸು ಕೂರುವ ಜಾಗ ಈ ಊರಲ್ಲಿ ಎಲ್ಲೆಲ್ಲಿದೆ? ಅದರ ಜೊತೆಗೆ ಇನ್ನೊಂದು: ಶೌಚಾಲಯ ಇದೆಯೇ? ಒಂದು ಉದ್ಯಾನದಲ್ಲಿ ಅದಕ್ಕೆ ಬೀಗ ಹಾಕಿತ್ತು, ಕೀಲಿ ಯಾರ ಹತ್ತಿರ ಇದೆ ಎಂದು ಹೇಳುವವರೂ ಇರಲಿಲ್ಲ. ಅರ್ಧ ತಾಸಿಗೇ ಆಟೊ ಹತ್ತಿ ಮನೆಗೆ ಬಂದೆವು. ಹೂವಿನ ಮಡಿ ಎಷ್ಟು ಚಂದವಿದ್ದರೇನು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಇಂಥಲ್ಲಿ ಕಾಲಿಡುವಂತಿಲ್ಲ.

ನೃಪತುಂಗ ಬೆಟ್ಟದಿಂದ ಇಡೀ ಹುಬ್ಬಳ್ಳಿ ಅಂಗೈಯಲ್ಲಿ ಕಂಡಂತೆ ಕಾಣುತ್ತದೆ. ಬೆಳಗಿನ ವಾಕಿಂಗಿನವರಿಗೆ ಅದು ಸ್ವರ್ಗ, ನಮ್ಮತ್ತೆಯ ಮಂಡಿಗಲ್ಲ. ಇಂದಿರಾ ಗಾಜಿನ ಮನೆಯ ಸುತ್ತ ಮಕ್ಕಳ ಗದ್ದಲ. ಸಣ್ಣ ಮಕ್ಕಳಿರುವ ಮನೆಯವರು ಅವಶ್ಯ ಹೋಗಿ.

ಉಣಕಲ್ ಕೆರೆಗೆ ಎರಡು ಸಲ ಹೋದೆವು. ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ, ದಡದಲ್ಲಿ ತಣ್ಣನೆ ಗಾಳಿ. ಅಂತರಗಂಗೆ ಹಬ್ಬಿದ್ದಾಗ ನೀರಿಗಿಂತ ಹಸಿರೇ ಹೆಚ್ಚು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಉಣಕಲ್ಲಿನ ಮನೆಗಳ ನಡುವೆಯೇ ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ಚತುರ್ಮುಖ ಲಿಂಗ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಇದನ್ನು ನೋಡಿಲ್ಲ! ಅತ್ತೆ ಕಂಬಕ್ಕೆ ಬೆನ್ನು ಕೊಟ್ಟು, ‘ಕಲ್ಲು ಎಷ್ಟ ತಂಪೈತಿ ನೋಡ’ ಎಂದು ಕೂತೇಬಿಟ್ಟರು.

ಆದರೆ ನಾನು ಎಣಿಸಿರದ ಜಾಗವೆಂದರೆ ಗದಗ ರಸ್ತೆ ಕಡೆಯ ರೈಲ್ವೆ ಮ್ಯೂಸಿಯಂ. 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಎಂಬ ಹೆಸರಿನ ಎರಡು ಹಳೆಯ ಕಾಟೇಜುಗಳಲ್ಲಿ ಹಳೆಯ ಗಂಟೆ, ಟಿಕೆಟ್ಟು, ಕಂದೀಲು, ಸಾಮಾನು ಜೋಡಿಸಿಟ್ಟಿದ್ದಾರೆ. ಹೊರಗೆ ಹಳೆಯ ಇಂಜಿನ್ನು. ಮಗಳು ಸೆಲ್ಫಿಗೆ ನಿಂತಳು. ಅತ್ತೆ ಇಂಜಿನ್ನಿನ ಗಾಲಿಗೆ ಕೈ ಹಚ್ಚಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಾವಾಗೇ ಮಾತು ತೆಗೆದರು. ಅವರ ತವರು ಬಾದಾಮಿ. ಲಗ್ನವಾದ ಮಾರನೇ ದಿನ ಮೀಟರ್ ಗೇಜ್ ಗಾಡಿಯಲ್ಲಿ ಹೊಳೆಆಲೂರಿಗೆ ಬಂದಿಳಿದರಂತೆ. ಕಿಟಕಿಯಿಂದ ಹಾರಿದ ಇದ್ದಿಲ ಚೂರು ಹೊಸ ಇಳಕಲ್ ಸೀರೆ ಸುಟ್ಟಿತಂತೆ. ‘ನಿಮ್ಮ ಮಾವ ಏನಂದ್ರ ಗೊತ್ತೇನು? ಸೀರಿ ಹ್ವಾದ್ರ ಹೋಗಲಿ, ಕಣ್ಣಾಗ ಬೀಳಲಿಲ್ಲಲ್ಲ ಅಂದ್ರು. ಅದು ಅವರು ನನ್ನ ಕೂಡ ಆಡಿದ ಮೊದಲನೇ ಮಾತು.’ ಮಾವ ಹೋದ ಮೇಲೆ ಅವರ ಹೆಸರೆತ್ತಿ ಅತ್ತೆ ನಕ್ಕದ್ದು ಅದೇ ಮೊದಲು. ಸೆಲ್ಫಿ ಬಿಟ್ಟು ಮಗಳು ಅಜ್ಜಿಯ ಪಕ್ಕ ಬಂದು ನಿಂತಿದ್ದಳು. ಬರುವಾಗ ಸ್ಟೇಷನ್ನಿಗೂ ಹೋಗಿ 1,507 ಮೀಟರಿನ ಪ್ಲಾಟ್‌ಫಾರ್ಮ್ ತೋರಿಸಿದೆವು. ಜಗತ್ತಿನಲ್ಲೇ ಅತಿ ಉದ್ದನೆಯದು ಎಂದರೆ, ‘ಇಷ್ಟುದ್ದ ನಡ್ಯಾವ್ರು ಯಾರು?’ ಎಂದರು. ನ್ಯಾಯವಾದ ಪ್ರಶ್ನೆ.

ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಯ ಮನರಂಜನೆ ಪೂರ್ಣವಾಗದು. ಚಿಗರಿ ಬಸ್ಸು ಬಂದ ಮೇಲಂತೂ ಅದು ಪಕ್ಕದ ಓಣಿಯಂತಾಗಿದೆ. ರಸ್ತೆಯ ನಡುವೆ ಅದಕ್ಕೇ ಬೇರೆ ದಾರಿ, ತಣ್ಣಗೆ ಕೂತು ಹೋಗಬಹುದು. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಇನ್ನೊಂದು ಕಡೆ ಮಲ್ಲಿಕಾರ್ಜುನ ಮನ್ಸೂರರ ‘ಮೃತ್ಯುಂಜಯ’, ಹೊರಡುವ ಮುಂಚೆ ಲೈನ್ ಬಜಾರಿನ ಪೇಡಾ. 1890ರಿಂದ ಇರುವ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಭಾಷಣವೋ ಹಾಡೋ ಏನಾದರೂ ಇರುತ್ತದೆ, ಹೋಗಿ ಕೂತರಾಯಿತು. ನಾವು ಹೋದ ದಿನ ಭಾಷಣ ಉದ್ದವಾಯಿತು, ಅತ್ತೆ ತೂಕಡಿಸಿದರು. ಮಗಳಿಗೆ ಮಾತ್ರ ಧಾರವಾಡದ ನಾಟಕದ ರುಚಿ ಹತ್ತಿದೆ. ಮಾಲಿನ ಮಾತು ಈಗ ಕಡಿಮೆ.

ಕೊನೆಗೆ ಅತ್ತೆಗೆ ಒಗ್ಗಿದ್ದು ಸಿದ್ಧಾರೂಢ ಮಠ. 1929ರಲ್ಲಿ ಸಮಾಧಿಯಾದ ಅಜ್ಜನ ಗದ್ದುಗೆ, ಯಾವಾಗಲೂ ನಡೆಯುವ ದಾಸೋಹ, ಪಕ್ಕದಲ್ಲಿ ಕೆರೆ. ಶಿವರಾತ್ರಿಯ ತೇರಿಗೆ ಚಿಕ್ಕವರಿದ್ದಾಗ ಬಂದಿದ್ದರಂತೆ. ಜಾತಿ, ಊರು, ಯಾಕೆ ಬಂದಿರಿ ಅಂತ ಬಾಗಿಲಲ್ಲಿ ಕೇಳುವವರಿಲ್ಲ. ಪಡಸಾಲೆಯಲ್ಲಿ ಗುಂಪುಗುಂಪಾಗಿ ಕೂತ ಹೆಂಗಸರಲ್ಲೊಬ್ಬರು, ‘ಯಾವೂರ ಯಕ್ಕಾ ನಿಮ್ಮದು?’ ಎಂದರು. ಅವರದ್ದೂ ರೋಣದ ಕಡೆಯೇ, ಈಗ ಮಗನ ಮನೆಯಲ್ಲಿ, ನಮ್ಮಿಂದ ಎರಡು ಓಣಿ ಆಚೆ! ಎಂಟು ತಿಂಗಳು ಇಬ್ಬರೂ ತಮ್ಮ ತಮ್ಮ ಬಾಲ್ಕನಿಯಲ್ಲಿ ಕೂತಿದ್ದರು.

ಈಗ ಸೋಮವಾರ ಇಬ್ಬರೂ ಜೋಡಿಯಾಗಿ ಹೋಗುತ್ತಾರೆ. ಸಿಟಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ತಗೊಂಡು, ಅದನ್ನು ಜೋಪಾನವಾಗಿ ಮಡಚಿಟ್ಟುಕೊಳ್ಳುತ್ತಾರೆ. ಬರುವಾಗ ಒಮ್ಮೊಮ್ಮೆ ದುರ್ಗದಬೈಲಿನ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬರುವುದುಂಟು. ಬಿ.ಪಿ.ಗೆ ಒಳ್ಳೆಯದಲ್ಲ ಎಂದರೆ, ‘ಇದು ನಿಮಗ, ನಾ ಅಲ್ಲೇ ತಿಂದೀನಿ’ ಎನ್ನುತ್ತಾರೆ.

ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಊರಮನೆಯ ಕೀಲಿ ಇನ್ನೂ ಅವರ ಎಲಿ-ಅಡಿಕೆ ಸಂಚಿಯಲ್ಲೇ ಇದೆ. ಯುಗಾದಿಗೆ ಹೋಗಿ ಕಸ ಹೊಡೆದು, ದೀಪ ಹಚ್ಚಿ ಬರಬೇಕಂತೆ. ‘ಸೋಮಾರದೊಳಗ ತಿರುಗಿ ಬರಬೇಕ ನೋಡ್ರಿ ಮತ್ತ’ ಎಂದು ಮಗನಿಗೆ ಈಗಲೇ ಹೇಳಿಟ್ಟಿದ್ದಾರೆ.