ಸದ್ದು ಬಂದದ್ದು ಎಲ್ಲಿಂದ?

ವಿಜಯಪುರ ನಗರದಲ್ಲಿ ನೆಲೆಸಿರುವ ಆ ನಿವೃತ್ತ ಅಧ್ಯಾಪಕರಿಗೆ ವಾರಕ್ಕೊಮ್ಮೆ ತಿಕೋಟಾದ ತಮ್ಮ ದ್ರಾಕ್ಷಿ ತೋಟಕ್ಕೂ, ತಿಂಗಳಿಗೆ ಎರಡು ಸಲ ಬಬಲೇಶ್ವರದಲ್ಲಿರುವ ಅಕ್ಕನ ಮನೆಗೂ ಹೋಗಿಬರುವ ರೂಢಿ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನೇಮವುಳ್ಳವರಾದ್ದರಿಂದ ಹೋದ ಕೆಲಸ ಅರ್ಧವಾಗಿದ್ದರೂ ಇಳಿಹೊತ್ತಿಗೆ ಮನೆಯ ಕಡೆ ಮುಖಮಾಡಲೇಬೇಕು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ವರ್ಷ ಬಬಲೇಶ್ವರದ ಒಬ್ಬ ಬಡ ಹುಡುಗನನ್ನು ಚಾಲಕನನ್ನಾಗಿ ಇಟ್ಟುಕೊಂಡಿದ್ದರು. ಹುಡುಗ ಮಿತಭಾಷಿ, ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಾಗುವವನು.

ಆ ಭಾಗದ ನೆಲ ಬಹುಮಟ್ಟಿಗೆ ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೆಲವೇ ವರ್ಷಗಳಲ್ಲಿ ಅಲೆಅಲೆಯಾಗುತ್ತದೆ. ಅಲ್ಲಿ ಓಡಾಡುವ ಕಾರಿನ ಮುಂಗಾಲಿಗಳಲ್ಲಿ ಸದ್ದು ಹುಟ್ಟುವುದು ಸೋಜಿಗವೇನಲ್ಲ. ಹುಡುಗ ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ, ಆಷಾಢದ ಒಂದು ದಿನ, ಅವನೊಬ್ಬನೇ ಬಬಲೇಶ್ವರಕ್ಕೆ ಹೋಗಿ ಅಕ್ಕನವರನ್ನು ಕರೆತಂದ ಮರುದಿನದಿಂದ ಕಾರಿನ ಮುಂಭಾಗದಲ್ಲಿ 'ಟಕ್' ಎಂಬ ಸದ್ದು ಕೇಳತೊಡಗಿತು. ಎಡಗಡೆ, ಪಕ್ಕದಲ್ಲಿ ಕುಳಿತವರ ಪಾದದ ಕೆಳಗಿಂದಲೇ ಬಂದಂತೆ. ಅಧ್ಯಾಪಕರು ಇಳಿದು ನೋಡಿದರು. ಎಡಗಾಲಿಯ ಉಕ್ಕಿನ ಅಂಚು ಒಂದು ಕಡೆ ತಗ್ಗಾಗಿತ್ತು.

"ಎಲ್ಲಿ ಗುಂಡಿಗೆ ಹಾಕಿದೆ?" ಎಂದು ಕೇಳಿದರು. ಎಲ್ಲಿಯೂ ಇಲ್ಲ ಎಂದನು ಹುಡುಗ. ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ತಪ್ಪು ಮಾಡಿದ್ದಕ್ಕಿಂತ ಅದನ್ನು ಮುಚ್ಚಿಡುವುದು ದೊಡ್ಡದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಆ ನಿರಾಕರಣೆಯೇ ಸಹಿಸಲಾಗದೆ ಹೋಯಿತು. ತಿಂಗಳ ಕೊನೆಗೆ ಪೂರ್ತಿ ಸಂಬಳ ಕೊಟ್ಟು ಕಳುಹಿಸಿಬಿಟ್ಟರು. ಪೂರ್ತಿ ಕೊಟ್ಟೆನೆಂಬ ಸಮಾಧಾನವೂ ಅವರಿಗಿತ್ತು.

ಆಮೇಲೆ ರಿಪೇರಿಯ ಸರದಿ. ನಗರದ ಒಂದು ಗ್ಯಾರೇಜಿನವರು ಕಾರನ್ನು ಮೇಲಕ್ಕೆತ್ತಿ ನೋಡಿ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರು. ಹಣ ಸಾವಿರಗಟ್ಟಲೆ ಹೋಯಿತು, ಸದ್ದು ಹೋಗಲಿಲ್ಲ. ಇನ್ನೊಬ್ಬರು ಸ್ಟೆಬಿಲೈಸರ್ ಬಾರಿನ ಲಿಂಕ್ ಬದಲಿಸಿದರು. ಸದ್ದು ಹಾಗೆಯೇ ಇತ್ತು. ಈ ನಡುವೆ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಕ್ಷಮಾವಣಿಯಂದು ಅಧ್ಯಾಪಕರು ಪ್ರತಿವರ್ಷದಂತೆ ಬಂಧುಮಿತ್ರರಿಗೆಲ್ಲ ಕಾರ್ಡು ಬರೆದರು. ಬಸದಿಯಲ್ಲಿ ಎದುರಾದವರಿಗೆಲ್ಲ ಕೈಮುಗಿದರು. ಪಟ್ಟಿಯಲ್ಲಿ ಹುಡುಗನ ಹೆಸರಿರಲಿಲ್ಲ. ಅವನಿಂದ ಕಾರ್ಡು ಬರಬೇಕಾದ್ದೇ ಹೊರತು ಅವನಿಗೆ ಬರೆಯುವುದೇನಿದೆ?

ದೀಪಾವಳಿಯ ನಂತರ ತೋಟಕ್ಕೆ ಹೋದಾಗ, ನೆರೆಯ ರೈತರು ತಿಕೋಟಾದಲ್ಲೇ ಇರುವ ಒಬ್ಬ ಮುದುಕ ಮೆಕ್ಯಾನಿಕರನ್ನು ತೋರಿಸಿದರು. ಟ್ರ್ಯಾಕ್ಟರ್, ಜೀಪುಗಳನ್ನು ಬಿಚ್ಚಿ ಕೈಪಳಗಿದ ಮನುಷ್ಯ. ಅವರು ಪಾನವನ್ನೇ ಮುಟ್ಟಲಿಲ್ಲ. ಮೊದಲು ಕೇಳಿದ್ದು, "ಸದ್ದು ಎಲ್ಲಿ ಬರತೈತಿ ಅನ್ನೂದು ಬ್ಯಾಡ ಸರ್, ಯಾವಾಗ ಬರತೈತಿ ಅದನ್ನ ಹೇಳ್ರಿ." ಅಧ್ಯಾಪಕರಿಗೆ ಉತ್ತರ ತಿಳಿದಿರಲಿಲ್ಲ. ನಾಲ್ಕು ತಿಂಗಳು ಆ ಸದ್ದನ್ನು ಕೇಳುತ್ತಲೇ ಬಂದವರಿಗೆ ಅದು ಯಾವಾಗ ಬರುತ್ತದೆಂಬುದು ತಿಳಿದಿರಲಿಲ್ಲ!

ಸಣ್ಣ ಕಾರುಗಳ ಮುಂಗಾಲಿಗೆ ಈಗ ಸಾಮಾನ್ಯವಾಗಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ರಚನೆ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಇದು ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದದ್ದು 1983ರ ಮಾರುತಿ 800ರೊಂದಿಗೆ ಎನ್ನಬಹುದು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಒಂದು ಕಂಬ ಮೇಲೆ. ಗಾಲಿಯನ್ನು ಹಿಡಿದಿಡುವ ಒಂದು ಉಕ್ಕಿನ ತೋಳು ಕೆಳಗೆ. ತೋಳಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್, ಒಳತುದಿಯಲ್ಲಿ ರಬ್ಬರಿನ ಬುಷ್. ಇವುಗಳಲ್ಲಿ ಯಾವುದು ಸವೆದರೂ ಕಿವಿಗೆ 'ಟಕ್' ಎಂದೇ ಕೇಳುತ್ತದೆ. ಆದರೆ ಪ್ರತಿಯೊಂದಕ್ಕೂ ತನ್ನದೇ ಸಮಯವುಂಟು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಬಂದರೆ ಕಂಬದ ಮೇಲ್ತುದಿಯ ಬೇರಿಂಗಿನ ಮೇಲೆ ಅನುಮಾನ. ಒಂದೇ ಗಾಲಿ ತಗ್ಗಿಗಿಳಿದಾಗ ಬಂದು, ಎರಡೂ ಗಾಲಿ ಒಟ್ಟಿಗೆ ಉಬ್ಬು ಹತ್ತಿದಾಗ ಬರದಿದ್ದರೆ ಸ್ಟೆಬಿಲೈಸರ್ ಲಿಂಕ್. ಏಕೆಂದರೆ ಎರಡೂ ಗಾಲಿ ಸಮನಾಗಿ ಎದ್ದಾಗ ಆ ಬಾರು ತಿರುಚಿಕೊಳ್ಳುವುದೇ ಇಲ್ಲ. ಶಾಕ್ ಅಬ್ಸಾರ್ಬರಿನ ಪರೀಕ್ಷೆ ಇನ್ನೂ ಸುಲಭ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕು. ತೂಗುತ್ತಲೇ ಇದ್ದರೆ, ಇಲ್ಲವೇ ಕಡ್ಡಿಯ ಸುತ್ತ ಎಣ್ಣೆ ಜಿನುಗಿದ್ದರೆ ಅದರ ಆಯುಸ್ಸು ಮುಗಿದಂತೆ. "ತೆಗೆದ ಹಳೇ ಶಾಕ್ ಎಲ್ಲಿ ಅದಾವ?" ಎಂದು ಮೆಕ್ಯಾನಿಕರು ಕೇಳಿದರು. ಅಧ್ಯಾಪಕರು ಅವನ್ನು ಕೇಳಿ ತಂದಿರಲಿಲ್ಲ.

ಮುದುಕರು ಪಕ್ಕದಲ್ಲಿ ಕುಳಿತು ಅಥಣಿ ರಸ್ತೆಯಲ್ಲಿ ಒಂದು ಮೈಲಿ ಕಾರು ಓಡಿಸಿಸಿದರು. ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿದರೆ ಸದ್ದಿಲ್ಲ. ಉಬ್ಬನ್ನು ನೇರವಾಗಿ ದಾಟಿದರೆ ಇತ್ತು. ನಡಿಗೆಯ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಪಷ್ಟವಾಗಿ 'ಟಕ್'. ಹಿಂದಕ್ಕೆ ಓಡಿಸಿ ಬ್ರೇಕ್ ಒತ್ತಿದರೆ ಮತ್ತೊಮ್ಮೆ. ಬ್ರೇಕ್ ಹಿಡಿದಾಗ ಗಾಲಿ ಹಿಂದೆಮುಂದೆ ಜಗ್ಗುತ್ತದೆ. ಆ ಜಗ್ಗಾಟವನ್ನು ತಡೆಯಬೇಕಾದ್ದು ತೋಳಿನ ಬುಷ್. ಗ್ಯಾರೇಜಿಗೆ ಬಂದು ಕಾರನ್ನು ಎತ್ತದೆ, ಗುಂಡಿಯ ಮೇಲೆ ನಿಲ್ಲಿಸಿ, ತಾವು ಬ್ಯಾಟರಿ ಹಿಡಿದು ಕೆಳಗಿಳಿದು, ಶಿಷ್ಯನಿಂದ ಬ್ರೇಕ್ ಒತ್ತಿಸಿ ಬಿಡಿಸಿದರು. ಬಲಗಡೆಯ ಬುಷ್ ಸೀಳಿತ್ತು. ಎಡಗಡೆಯದು ಗಟ್ಟಿಯಾಗಿತ್ತು.

ಎಡಗಡೆ ಕೇಳಿದ ಸದ್ದು ಬಲಗಡೆಯದಾದದ್ದು ಹೇಗೆಂದು ಅಧ್ಯಾಪಕರಿಗೆ ಅಚ್ಚರಿ. ವಿಜಯಪುರದವರಿಗೆ ಈ ಅಚ್ಚರಿ ಸಲ್ಲದು. 1656ರಲ್ಲಿ ಮುಗಿದ ಗೋಲಗುಮ್ಮಟದ ಒಳಮೊಗಸಾಲೆಯಲ್ಲಿ ಸುಮಾರು 38 ಮೀಟರ್ ಆಚೆ ಗೋಡೆಗೆ ಪಿಸುಗುಟ್ಟಿದ್ದು ಈಚೆಯವರ ಕಿವಿಯ ಬಳಿಯೇ ನುಡಿದಂತೆ ಕೇಳುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಅಧ್ಯಾಪಕರೇ ಎಷ್ಟೋ ತಂಡಗಳನ್ನು ಕರೆದೊಯ್ದು ತೋರಿಸಿದ್ದರು. ಅಲ್ಲಿ ಬಾಗಿದ ಗೋಡೆ, ಇಲ್ಲಿ ಅಡಿಯ ಉಕ್ಕಿನ ಚೌಕಟ್ಟು. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನಷ್ಟು ಹೋಗುವ ಶಬ್ದ ಉಕ್ಕಿನಲ್ಲಿ 5000 ಮೀಟರಿನಷ್ಟು ಹೋಗುತ್ತದೆ.

ಬುಷ್ ಸೀಳಿದ ಕಾರಣವನ್ನೂ ಮುದುಕರು ಬಿಡಿಸಿ ಹೇಳಿದರು. ಬಲಗಡೆಯ ಬೋಲ್ಟಿನ ಮೇಲೆ ಮಾತ್ರ ಹೊಸ ಪಾನದ ಗುರುತಿತ್ತು; ಎಡಗಡೆಯದರ ತುಕ್ಕು, ಧೂಳು ಕದಲಿರಲಿಲ್ಲ. ಬೇಸಿಗೆಯಲ್ಲಿ ಬಲಗಡೆಯ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಬದಲಿಸಿದ್ದು ಅಧ್ಯಾಪಕರಿಗೆ ನೆನಪಾಯಿತು. ಆಗ ತೋಳನ್ನು ಬಿಚ್ಚಿ ಕೂಡಿಸಿದವರು ಗಾಲಿ ನೇತಾಡುತ್ತಿರುವಾಗಲೇ ಬೋಲ್ಟು ಬಿಗಿದಿದ್ದರು. ಕಾರು ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿಯಬೇಕಾದ್ದು ಅದು. ನೇತಾಡುವಾಗ ಬಿಗಿದರೆ, ಇಳಿಸಿದ ಕ್ಷಣದಿಂದ ರಬ್ಬರು ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಕೆಲವು ತಿಂಗಳಲ್ಲಿ ಹರಿಯುತ್ತದೆ. ಕಾರನ್ನು ಮತ್ತೆ ಎತ್ತಿದರೆ ತಿರುಚು ಬಿಚ್ಚಿ ಸೀಳಿನ ಬಾಯಿ ಮುಚ್ಚಿಕೊಳ್ಳುತ್ತದೆ. ಎತ್ತಿ ನೋಡಿದವರ ಕಣ್ಣಿಗೆ ಅದು ಬೀಳದೆ ಹೋದದ್ದು ಹೀಗೆ.

"ಹಾಗಾದರೆ ಎಡಗಾಲಿಯ ಈ ತಗ್ಗು?" ಎಂದರು ಅಧ್ಯಾಪಕರು. ಮುದುಕರು ಅದರೊಳಗೆ ಉಗುರು ಆಡಿಸಿದರು. ತುಕ್ಕು ಪದರುಪದರಾಗಿ ಎದ್ದಿತು. "ಇದು ವರ್ಷದ ಮ್ಯಾಲಿಂದು ಸರ್." ವರ್ಷದ ಹಿಂದೆ ಹುಡುಗನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಇಳಿಹೊತ್ತು ಮೀರೀತೆಂದು ತಿಕೋಟಾದಿಂದ ಕಾರನ್ನು ಓಡಿಸಿಕೊಂಡು ಬರುತ್ತಿದ್ದವರು ಒಬ್ಬರೇ.

ಬುಷ್ ಮತ್ತು ಕೂಲಿ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು. ಅಧ್ಯಾಪಕರು ಅಂದು ನಗರಕ್ಕೆ ಮರಳದೆ ಬಬಲೇಶ್ವರಕ್ಕೆ ಹೋದರು. ಕಾರು ದಾರಿಯುದ್ದಕ್ಕೂ ಸದ್ದಿಲ್ಲದೆ ಓಡಿತು. ಹುಡುಗನ ಮನೆ ಸಿಕ್ಕಿತು. ಅವನು ಒಣದ್ರಾಕ್ಷಿ ಸಾಗಿಸುವ ಟೆಂಪೋ ನಡೆಸುತ್ತಿದ್ದು, ಬರುವುದು ಕತ್ತಲಾದ ಮೇಲೆಂದು ತಾಯಿ ಹೇಳಿದರು. ಸೂರ್ಯ ಮುಳುಗಿದನು. ಅಧ್ಯಾಪಕರು ಕಟ್ಟೆಯ ಮೇಲೆ ಕುಳಿತೇ ಇದ್ದರು. ಆ ರಾತ್ರಿ ಅವರಿಗೆ ಊಟವಿಲ್ಲ.

ಹುಡುಗ ಬಂದನು. ಅಧ್ಯಾಪಕರು ಎದ್ದು ನಿಂತು ನಡೆದುದನ್ನೆಲ್ಲ ಹೇಳಿ ಕೈಮುಗಿದರು. ಅವನು ಮುಜುಗರದಿಂದ ಹಿಂದೆ ಸರಿದನು. ಸ್ವಲ್ಪ ಹೊತ್ತಿನ ಮೇಲೆ, "ಬಲಗಡೀದ ಬುಷ್ ಏನ್ರಿ ಸರ್?" ಎಂದು ಕೇಳಿ, "ಬ್ರೇಕ್ ಹಿಡದಾಗ ಬರತೈತ್ರಿ ಅಂತ ನಾ ಅವತ್ತ ಹೇಳಿದ್ದೆ" ಎಂದನು.

ಹೇಳಿದ್ದು ನಿಜ. ಅಧ್ಯಾಪಕರು ಆಗ ಎಡಗಾಲಿಯ ಮುಂದೆ ಬಗ್ಗಿ ಆ ತಗ್ಗನ್ನು ನೋಡುತ್ತಿದ್ದರು. ಮರಳಿ ಕೆಲಸಕ್ಕೆ ಬರುವೆಯಾ ಎಂದು ಕೇಳಿದ್ದಕ್ಕೆ, ಟೆಂಪೋದಲ್ಲಿ ಸಂಬಳ ಹೆಚ್ಚಿದೆಯೆಂದು ಹುಡುಗ ವಿನಯದಿಂದಲೇ ಹೇಳಿದನು.