ಸೆರಗಿನ ಮೇಲಿನ ನಗು

ನಮ್ಮ ಹಲಸಿಯಲ್ಲಿ ಆಗ ಹೆಣ್ಣುಮಕ್ಕಳು ಬಾಯಿ ಬಿಟ್ಟು ನಗುತ್ತಿರಲಿಲ್ಲ; ಕಣ್ಣಾಗ ನಗುತ್ತಿದ್ದರು. ಮಾವ ಕಟ್ಟೆಯ ಮೇಲೆ ಕೂತಿದ್ದರೆ ಸೊಸೆಯ ಸೆರಗು ಬಾಯಿಗೇರುತ್ತಿತ್ತು. ಸೆರಗಿನ ಮೇಲೆ ಉಳಿದ ಕಣ್ಣುಗಳನ್ನು ಮಾತ್ರ ಯಾವ ಹಿರಿಯರಿಗೂ ಮುಚ್ಚಿಸಲಾಗಲಿಲ್ಲ. ಒಲೆಯ ಮುಂದಿನ ಅವ್ವ, ಕೊಡ ಇಳಿಸುತ್ತಿದ್ದ ಚಿಗವ್ವನತ್ತ ಒಮ್ಮೆ ನೋಡಿದರೆ ಸಾಕು, ಇಬ್ಬರ ಕಣ್ಣಂಚಿನಲ್ಲೂ ಸಣ್ಣ ಗೆರೆಗಳು ಮೂಡುತ್ತಿದ್ದವು. ಏನೆಂದು ತಿಳಿಯದೆ ನಾವು ಹುಡುಗರೂ ನಗುತ್ತಿದ್ದೆವು.

ವರನ ಕಡೆಯವರು ಬಂದಾಗ "ಹುಡುಗಿ ಏನಂತಾಳ?" ಎಂದರೆ, ಅಜ್ಜಿ "ಕಣ್ಣಾಗ ನಕ್ಕಾಳ ತಗೋರಿ, ಒಪ್ಯಾಳ" ಎನ್ನುತ್ತಿದ್ದಳು. ಎಲ್ಲ ಸಲವೂ ಅಜ್ಜಿ ಸರಿಯಾಗಿಯೇ ಕಂಡಳೇ? ನಾಚಿಕೆಯ ಹೆಸರಲ್ಲಿ ಎಷ್ಟೋ 'ಬೇಡ'ಗಳು ಹೂತುಹೋದವು. ಇಂದಿನ ಸೊಸೆ ಮಾವನೆದುರೇ ಗಹಗಹಿಸಿ ನಗುತ್ತಾಳೆ. ಅದು ಎಂದೋ ಆಗಬೇಕಿತ್ತು.

ಆದರೂ ನಾಟಿಯ ದಿನಗಳು ಕಾಡುತ್ತವೆ. ಖಾನಾಪುರ ಸೀಮೆಯ ಆಷಾಢದ ಮಳೆ, ಕಂಬಳಿ ಕೊಪ್ಪೆಯೊಳಗೆ ಮುಖಗಳು, ಗದ್ದೆಯಲ್ಲಿ ಕನ್ನಡದವರು, ಮರಾಠಿಯವರು ಒಂದೇ ಸಾಲಿನಲ್ಲಿ. ಬದುವಿನ ಮೇಲಿಂದ ಗೌಡರು ಗದರಿದರೆ ಎಲ್ಲರೂ ತಲೆ ತಗ್ಗಿಸಿಯೇ ಪಕ್ಕದವಳತ್ತ ಓರೆಗಣ್ಣಲ್ಲಿ ನೋಡಿ ನಗುತ್ತಿದ್ದರು. ಆ ನಗು ಸಾಲಿನುದ್ದಕ್ಕೂ ಸಾಗುವಷ್ಟರಲ್ಲಿ ಬೆನ್ನುನೋವು ಅರ್ಧ ಇಳಿದಿರುತ್ತಿತ್ತು.

ಹಾಗೆ ಒಬ್ಬರನ್ನೊಬ್ಬರು ನೋಡುವುದು ನಮ್ಮೂರಿನ ಹಳೆಯ ಗುಣವೇ ಇರಬೇಕು. ಹಲಸಿಯೆಂದರೆ ಬನವಾಸಿ ಕದಂಬರ ಎರಡನೇ ರಾಜಧಾನಿ, ಅಂದಿನ ಪಲಾಶಿಕಾ. 12ನೇ ಶತಮಾನದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ; ದೇವರೇ ಪರಸ್ಪರ ನೋಡುತ್ತಿರುವ ಊರು ನಮ್ಮದು. ಈಗ ಅಲ್ಲಿಗೆ ಬರುವ ಮಕ್ಕಳು ದೇವರಿಗೂ ಜೊತೆಗಾರರಿಗೂ ಬೆನ್ನು ಮಾಡಿ ಮೊಬೈಲಿಗೆ ನಗುತ್ತಾರೆ. ಹಲ್ಲು ಕಾಣುತ್ತವೆ, ಕಣ್ಣು ಪರದೆಯ ಮೇಲೆ ತಮ್ಮನ್ನೇ ಹುಡುಕುತ್ತಿರುತ್ತವೆ. 2009ರಲ್ಲಿ ಅಮೆರಿಕದ ಟಿವಿಯಲ್ಲಿ ಟೈರಾ ಬ್ಯಾಂಕ್ಸ್ ಕ್ಯಾಮೆರಾಕ್ಕಾಗಿ ಕಣ್ಣಲ್ಲಿ ನಗುವುದನ್ನು ಹುಡುಗಿಯರಿಗೆ ಕಲಿಸಿದರಂತೆ, 'ಸ್ಮೈಜ್' ಎಂದು ಅದಕ್ಕೆ ಹೆಸರಿಟ್ಟು. ಆದರೆ ಮನಸ್ಸು ನಿಜವಾಗಿ ಹಿಗ್ಗದೆ ಕಣ್ಣ ಸುತ್ತಲಿನ ಸ್ನಾಯು ಓಗೊಡುವುದಿಲ್ಲವೆಂದು ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲೇ ಬರೆದಿದ್ದ. ನಮ್ಮ ಚಿಗವ್ವಂದಿರಿಗೆ ಕಣ್ಣಲ್ಲಿ ನಗುವುದನ್ನು ಯಾರೂ ಕಲಿಸಿರಲಿಲ್ಲ. ಎದುರಿಗೆ ನೋಡುವವರಿದ್ದರು, ಅಷ್ಟೇ.

2020ರಲ್ಲಿ ಕೊರೋನಾ ಎಲ್ಲರ ಬಾಯಿಗೂ ಮಾಸ್ಕ್ ಕಟ್ಟಿತು. ಆ ಭಯದ ನಡುವೆಯೂ ಬೆಳಗಾವಿಯ ತರಕಾರಿ ಅಂಗಡಿಯ ಅಕ್ಕನ ಕಣ್ಣು ನಕ್ಕದ್ದನ್ನು ಕಂಡೆ. ಎಷ್ಟೋ ವರ್ಷಗಳ ಮೇಲೆ ನಮ್ಮೂರವರೊಬ್ಬರು ಸಿಕ್ಕಂತಾಯಿತು. ಮಾಸ್ಕ್ ಹೋದವು. ಈಗ ಅವಳ ಅಂಗಡಿಯಲ್ಲೂ ಕ್ಯೂಆರ್ ಹಲಗೆಯಿದೆ. ಕೊಳ್ಳುವವರು ಅದನ್ನು ನೋಡಿ ಹಣ ಹಾಕಿ, ಸೊಪ್ಪು ಎತ್ತಿಕೊಂಡು ಹೊರಡುತ್ತಾರೆ. ತಂಗಿಯರೇ, ತಮ್ಮಂದಿರೇ, ಅಕ್ಕನ ಮುಖವನ್ನೂ ಒಮ್ಮೆ ನೋಡಬಾರದೇ?