ಮರದ ವಿಮಾನ ಕಟ್ಟಿದವರು

ಯುದ್ಧ ನಡೆಯುತ್ತಿರುವಾಗ ವಿಮಾನ ವಿನ್ಯಾಸಕರಾಗಿರುವುದು ಎಂದರೆ ಹೇಗಿದ್ದೀತು? ಸ್ವಲ್ಪ ಊಹಿಸಿಕೊಳ್ಳಿ. ನಿಮ್ಮ ಮುಂದೆ ನಕ್ಷೆಯ ಹಲಗೆ, ಪೆನ್ಸಿಲು, ಅಳತೆಪಟ್ಟಿ ಇವೆ. ಕಂಪ್ಯೂಟರ್ ಇಲ್ಲ. ಯಾವ ಗಳಿಗೆಯಲ್ಲಾದರೂ ಸೈರನ್ ಕೂಗಬಹುದು. ನೀವು ಎಳೆದ ಗೆರೆಗಳನ್ನು ನಂಬಿ ಇಬ್ಬರು ಆಕಾಶಕ್ಕೆ ಏರಲಿದ್ದಾರೆ.

1939ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ವಿನ್ಯಾಸಕರು ಇಂಥ ಕೆಲಸಕ್ಕೆ ಕುಳಿತರು. ಎರಡನೆಯ ಮಹಾಯುದ್ಧ ಆರಂಭವಾಗಿ ಒಂದು ತಿಂಗಳಾಗಿತ್ತು. ಅವರ ಕಾರ್ಖಾನೆ ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್‌ನಲ್ಲಿತ್ತು. ಅಲ್ಲಿ ಬಾಂಬಿನ ಭಯ. ಆದ್ದರಿಂದ ತಂಡವು ಕೆಲವು ಕಿ.ಮೀ. ದೂರದ ಸಾಲ್ಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆಗೆ ಹೋಯಿತು. ಮುಖ್ಯ ವಿನ್ಯಾಸಕರು ಆರ್. ಇ. ಬಿಷಪ್. ಅಲ್ಲಿ ಹುಟ್ಟಿದ ವಿಮಾನದ ಹೆಸರು 'ಮಾಸ್ಕಿಟೊ', ಅಂದರೆ ಸೊಳ್ಳೆ!

ಆ ಕಾಲದ ಬಾಂಬರ್ ವಿಮಾನಗಳಲ್ಲಿ ಶತ್ರುವನ್ನು ಓಡಿಸಲು ಬಂದೂಕುಗಳಿರುತ್ತಿದ್ದವು. ಬಂದೂಕು ಎಂದರೆ ಭಾರ. ಅದನ್ನು ಹಾರಿಸುವವನು ಇನ್ನಷ್ಟು ಭಾರ. ಭಾರ ಹೆಚ್ಚಿದರೆ ಇಂಧನವೂ ಹೆಚ್ಚು, ವಿಮಾನವೂ ದೊಡ್ಡದು, ವೇಗ ಕಡಿಮೆ. ಬಂದೂಕುಗಳನ್ನೇ ತೆಗೆದುಹಾಕಿದರೆ? ಶತ್ರುವಿಗೆ ಸಿಕ್ಕದಷ್ಟು ವೇಗವಾಗಿ ಹಾರಿದರೆ? ಲ್ಯಾಂಕಾಸ್ಟರ್ ಎಂಬ ದೊಡ್ಡ ಬಾಂಬರಿನಲ್ಲಿ ಏಳು ಜನ ಹೋಗುತ್ತಿದ್ದರು, ಮಾಸ್ಕಿಟೊದಲ್ಲಿ ಇಬ್ಬರೇ. ಅಧಿಕಾರಿಗಳಲ್ಲಿ ಹಲವರಿಗೆ ಈ ಯೋಚನೆಯ ಮೇಲೆ ನಂಬಿಕೆ ಬರಲಿಲ್ಲ. ಬೆಂಬಲಕ್ಕೆ ನಿಂತವರು ವಿಲ್ಫ್ರಿಡ್ ಫ್ರೀಮನ್ ಎಂಬ ಹಿರಿಯ ಅಧಿಕಾರಿ.

ಇನ್ನೊಂದು ವಿಚಿತ್ರವೆಂದರೆ, ಅದು ಮರದ ವಿಮಾನ! ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ಎಲ್ಲರಿಗೂ ಬೇಕು. ಆದರೆ ಮೇಜು ಕುರ್ಚಿ ಮಾಡುವ ಬಡಗಿಗಳಿಗೆ ಮರದ ಕೆಲಸ ಚೆನ್ನಾಗಿ ಗೊತ್ತಿತ್ತು. ಪೀಠೋಪಕರಣದ ಅಂಗಡಿಗಳಲ್ಲಿ ವಿಮಾನದ ಭಾಗಗಳು ತಯಾರಾದವು.

ಮರ ಅಷ್ಟು ಗಟ್ಟಿಯೇ ಎಂದು ನೀವು ಕೇಳಬಹುದು. ಒಂದು ಪ್ರಯೋಗ ಮಾಡಿ. ತೆಳುವಾದ ಥರ್ಮೊಕೋಲ್ ಪಟ್ಟಿಯೊಂದನ್ನು ಎರಡು ಪುಸ್ತಕಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಬೆರಳಿನಿಂದ ಒತ್ತಿ. ಅದು ಬಾಗುತ್ತದೆ, ಮುರಿಯಲೂಬಹುದು. ಈಗ ಅದೇ ಅಳತೆಯ ಇನ್ನೊಂದು ಪಟ್ಟಿಯ ಮೇಲೆ, ಕೆಳಗೆ ದಪ್ಪ ಕಾಗದ ಅಂಟಿಸಿ, ಒಣಗಲು ಬಿಟ್ಟು ಒತ್ತಿ ನೋಡಿ. ವ್ಯತ್ಯಾಸ ನಿಮ್ಮ ಬೆರಳಿಗೇ ತಿಳಿಯುತ್ತದೆ. ಪಟ್ಟಿ ಬಾಗುವಾಗ ಮೇಲಿನ ಕಾಗದ ಕುಗ್ಗಬೇಕು, ಕೆಳಗಿನದು ಹಿಗ್ಗಬೇಕು. ಎರಡೂ ಸುಲಭವಾಗಿ ಒಪ್ಪುವುದಿಲ್ಲ. ನಡುವಿನ ಥರ್ಮೊಕೋಲ್‌ನ ಮುಖ್ಯ ಕೆಲಸ ಅವೆರಡನ್ನೂ ದೂರ ಹಿಡಿದಿರುವುದು. ಅದು ಹಗುರವಾಗಿದ್ದರೆ ಸಾಕು.

ಮಾಸ್ಕಿಟೊದ ಒಡಲೂ ಹೀಗೆಯೇ ಇತ್ತು. ಹೊರಗೆ, ಒಳಗೆ ಬರ್ಚ್ ಮರದ ತೆಳು ಪ್ಲೈವುಡ್. ನಡುವೆ ಸುಮಾರು ಒಂದು ಸೆಂ.ಮೀ. ದಪ್ಪದ ಬಾಲ್ಸಾ ಎಂಬ ಬಹಳ ಹಗುರ ಮರ. ಒಡಲನ್ನು ಅವರೆಕಾಯಿಯ ಸಿಪ್ಪೆಯಂತೆ ಉದ್ದುದ್ದ ಎರಡು ಹೋಳಾಗಿ ಅಚ್ಚಿನ ಮೇಲೆ ಮಾಡುತ್ತಿದ್ದರು. ಹೋಳು ತೆರೆದಿರುವಾಗಲೇ ತಂತಿ, ಕೊಳವೆಗಳನ್ನು ಜೋಡಿಸಿ, ಆಮೇಲೆ ಎರಡನ್ನೂ ಅಂಟಿಸುತ್ತಿದ್ದರು. ಎಂಥ ಜಾಣತನ! ಮೇಲೆ ಹತ್ತಿಬಟ್ಟೆ ಹೊದಿಸಿ ಬಣ್ಣ ಬಳಿದರೆ ಮೈ ನುಣುಪಾಗಿ ಗಾಳಿ ಜಾರುತ್ತಿತ್ತು. ಆ ಬಗೆಯ ಬಟ್ಟೆಯ ಹೆಸರು ಮಡಪೋಲಂ. ಆಂಧ್ರದ ನರಸಾಪುರದ ಬಳಿ, ಈಸ್ಟ್ ಇಂಡಿಯಾ ಕಂಪನಿಯು ಬಟ್ಟೆ ವ್ಯಾಪಾರ ಮಾಡುತ್ತಿದ್ದ ಒಂದು ಊರಿನಿಂದ ಬಂದ ಹೆಸರು ಅದು!

1940ರ ಅಕ್ಟೋಬರ್ 3ರಂದು ಒಂಟಿ ಜರ್ಮನ್ ವಿಮಾನವೊಂದು ಹ್ಯಾಟ್‌ಫೀಲ್ಡ್ ಕಾರ್ಖಾನೆಯ ಮೇಲೆ ಬಾಂಬು ಹಾಕಿತು. 21 ಜನ ಸತ್ತರು. ಮಾಸ್ಕಿಟೊಗೆಂದು ಸಿದ್ಧವಾಗುತ್ತಿದ್ದ ಬಹಳಷ್ಟು ಸಾಮಗ್ರಿ ನಾಶವಾಯಿತು. ಆದರೂ ನವೆಂಬರ್ 25ರಂದು ಮೊದಲ ಮಾಸ್ಕಿಟೊ ಹಾರಿತು. ಅದನ್ನು ಹಾರಿಸಿದವರು ಕಂಪನಿಯ ಸ್ಥಾಪಕರ ಮಗ ಜೆಫ್ರಿ ಡಿ ಹ್ಯಾವಿಲೆಂಡ್. ಪಕ್ಕದಲ್ಲಿ ಕುಳಿತವರು ಯಾರು ಗೊತ್ತೇ? ಎಂಜಿನ್ ಅಳವಡಿಕೆಯ ವಿನ್ಯಾಸ ಮಾಡಿದ ಜಾನ್ ವಾಕರ್. ತಾನು ಬರೆದ ನಕ್ಷೆಯೊಳಗೆ ತಾನೇ ಕುಳಿತು ಹಾರುವುದು! ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಇದು.

ಮರುವರ್ಷದ ಪರೀಕ್ಷೆಯಲ್ಲಿ ಅದು ಗಂಟೆಗೆ ಸುಮಾರು 630 ಕಿ.ಮೀ. ವೇಗ ಮುಟ್ಟಿತು. ಆಗಿನ ಸ್ಪಿಟ್‌ಫೈರ್ ಕಾದಾಟದ ವಿಮಾನವೂ ಹಿಂದೆ ಬಿತ್ತು. ಮುಂದೆ 7,700ಕ್ಕೂ ಹೆಚ್ಚು ಮಾಸ್ಕಿಟೊಗಳು ತಯಾರಾದವು. ಕೆಲವಕ್ಕೆ ಬಂದೂಕುಗಳೂ ಬಂದವು. ಅವು ಹಾಕಿದ ಬಾಂಬುಗಳ ಕೆಳಗೆ ಮನೆಗಳಿದ್ದವು, ಜನರಿದ್ದರು. ಅದನ್ನು ಮರೆತು ಬರೀ ವೇಗವನ್ನು ಹೊಗಳಲು ನನಗೆ ಮನಸ್ಸು ಬಾರದು. ತಯಾರಿಸಿದವರಿಗೂ ನಷ್ಟ ತಪ್ಪಲಿಲ್ಲ. 1943ರಲ್ಲಿ ಎರಡು ಮಾಸ್ಕಿಟೊಗಳು ಆಕಾಶದಲ್ಲಿ ಡಿಕ್ಕಿ ಹೊಡೆದಾಗ ಸ್ಥಾಪಕರ ಇನ್ನೊಬ್ಬ ಮಗ ಜಾನ್ ತೀರಿಕೊಂಡರು.

ಈ ವಿಮಾನಗಳು ನಮ್ಮ ದೇಶಕ್ಕೂ ಬಂದಿದ್ದವು. ಬರ್ಮಾದ ಯುದ್ಧಕ್ಕಾಗಿ ಅವನ್ನು ಭಾರತದಲ್ಲಿ ಇಟ್ಟಿದ್ದರು. ಮೊದಮೊದಲು ಬಳಸಿದ ಅಂಟು ಕೇಸೀನ್, ಅಂದರೆ ಹಾಲಿನ ಪ್ರೋಟೀನು. ಬಿಸಿಲು, ತೇವ ಎರಡೂ ಇರುವ ಕಡೆ ಅದು ಕೆಡುತ್ತದೆ. ಆಮೇಲೆ ಕೃತಕ ಅಂಟು ಬಂತು. ಹಾಗಿದ್ದರೂ 1944ರಲ್ಲಿ ಇಲ್ಲಿ ಕೆಲವು ವಿಮಾನಗಳು ಬಿದ್ದು ಸಿಬ್ಬಂದಿ ಸತ್ತರು. ನವೆಂಬರಿನಲ್ಲಿ ಎಲ್ಲ ಮಾಸ್ಕಿಟೊಗಳನ್ನೂ ನೆಲದಲ್ಲೇ ನಿಲ್ಲಿಸಿ ತಪಾಸಣೆ ನಡೆಸಿದರು. ನಮ್ಮ ಹವೆಯೊಂದರ ಮೇಲೆ ದೂರು ಹೊರಿಸುವಂತಿರಲಿಲ್ಲ. ರೆಕ್ಕೆಯ ಕೆಲವು ಕೀಲುಗಳು ತಯಾರಿಕೆಯಲ್ಲೇ ಸರಿಯಾಗಿ ಕೂಡಿರಲಿಲ್ಲ. ಪರಿಹಾರವಾಗಿ, ರೆಕ್ಕೆಯ ಮೇಲ್ಭಾಗದ ಕೀಲಿನ ಉದ್ದಕ್ಕೂ ಪ್ಲೈವುಡ್ಡಿನ ಪಟ್ಟಿಯೊಂದನ್ನು ಅಂಟಿಸಿ ನೀರು ಒಳಗೆ ಇಳಿಯದಂತೆ ಮಾಡಿದರು.